ಮೊದಲ ವರ್ಷ ಮುಗಿಸಿ ದೊಡ್ಡ ಹೆಸರಿನ ಯೂನಿವರ್ಸಿಟಿಗೆ ಹೋಗಲೇ?

ಪ್ರಶ್ನೆ: ನಾನು ತುಮಕೂರಿನವಳು. ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ 4ಕ್ಕೆ 3.8 ಜಿಪಿಎ (ಸರಾಸರಿ ಅಂಕ) ಬಂದಿದೆ. ವರ್ಷಕ್ಕೆ ಒಟ್ಟು ಖರ್ಚು 46,000 ಡಾಲರ್. ಅದರಲ್ಲಿ 14,000 ಸ್ಕಾಲರ್‌ಶಿಪ್, ಉಳಿದದ್ದಕ್ಕೆ ಅಪ್ಪ ಮನೆ ಪತ್ರ ಇಟ್ಟು ಬ್ಯಾಂಕ್ ಸಾಲ ಮಾಡಿದ್ದಾರೆ. ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಅಜ್ಜಿಯ ತಿಥಿಗೆ ಸೇರಿದ್ದ ನೆಂಟರೆಲ್ಲ ‘ಅದ್ಯಾವ ಕಾಲೇಜಮ್ಮ, ಹೆಸರೇ ಕೇಳಿಲ್ವಲ್ಲ’ ಅಂದರು. ದೊಡ್ಡಮ್ಮನ ಮಗ ಹೆಸರಾಂತ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾನೆ. ಹೋದ ವರ್ಷ ನಾನೂ ಐದು ಹೆಸರಾಂತ ಕಡೆ ಅರ್ಜಿ ಹಾಕಿದ್ದೆ, ಎಲ್ಲೂ ಸಿಗಲಿಲ್ಲ. ಈಗ ಟ್ರಾನ್ಸ್‌ಫರ್ ಮಾಡಿಸಿಕೊಂಡು ಎರಡನೇ ವರ್ಷಕ್ಕೆ ಅಂಥ ಕಡೆ ಸೇರಬಹುದೇ? ಕೆಲಸ ಸಿಗಲು ಆ ಹೆಸರು ಬೇಕೇ ಬೇಕಾ? ಇನ್ನೊಂದು ವಿಷಯ: ನಮ್ಮ ಅಜ್ಜಿ ಮಾತಾಡುತ್ತಿದ್ದಂಥ ಕನ್ನಡ ಫೋನಿಗೆ ಅರ್ಥವಾಗುವ ಹಾಗೆ ಮಾಡಬೇಕು ಅಂತ ನನಗೆ ಆಸೆ. ಇಲ್ಲಿ ಭಾಷಾವಿಜ್ಞಾನ ವಿಭಾಗವೇ ಇಲ್ಲ, ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಕೋರ್ಸ್ ಇರುತ್ತದೆ.

ಉತ್ತರ: ನೀನು ನನ್ನ ಮಗಳಿಗಿಂತ ಚಿಕ್ಕವಳು, ‘ನೀನು’ ಅಂತಲೇ ಬರೆಯುತ್ತೇನೆ. ಅಮೆರಿಕದ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಹದಿನಾಲ್ಕು ವರ್ಷ ಅಕಾಡೆಮಿಕ್ ಅಡ್ವೈಸರ್ ಆಗಿದ್ದೆ. ಬೇರೆ ಕಡೆಯಿಂದ ಟ್ರಾನ್ಸ್‌ಫರ್ ಆಗಿ ಬಂದವರು ಮೊದಲ ವಾರ ನನ್ನ ಮೇಜಿನ ಮುಂದೆಯೇ ಕೂರುತ್ತಿದ್ದರು. ನಮ್ಮಲ್ಲಿಂದ ಬಿಟ್ಟುಹೋಗುವವರು ಹೋಗುವ ಮುಂಚೆ ಒಂದು ಮಾತು ಕೇಳಿಕೊಂಡು ಹೋಗುತ್ತಿದ್ದರು. ಎರಡೂ ಕಡೆಯವರನ್ನು ನೋಡಿದ ಅನುಭವದಿಂದ ಹೇಳುತ್ತಿದ್ದೇನೆ.

ನಿನ್ನ ಪತ್ರದಲ್ಲಿ ಎರಡು ಕಾರಣಗಳಿವೆ. ಒಂದನ್ನು ಉದ್ದಕ್ಕೆ ಬರೆದಿದ್ದೀಯ: ನೆಂಟರ ಮಾತು, ಅಣ್ಣನ ಕಾರ್ನೆಲ್, ಹೋದ ವರ್ಷದ ಐದು ನಿರಾಕರಣೆ. ಇನ್ನೊಂದನ್ನು ‘ಇನ್ನೊಂದು ವಿಷಯ’ ಅಂತ ಕೊನೆಗೆ ತಂದು ಸೇರಿಸಿದ್ದೀಯ. ನನ್ನ ಲೆಕ್ಕದಲ್ಲಿ ಕಾಲೇಜು ಬದಲಾಯಿಸಲು ಯೋಗ್ಯವಾದ ಕಾರಣ ಆ ಕೊನೆಯದು ಮಾತ್ರ. ಮೊದಲನೆಯದು ನೋವು. ನೋವು ಸುಳ್ಳಲ್ಲ, ಹತ್ತೊಂಬತ್ತನೇ ವಯಸ್ಸಿನಲ್ಲಿ ಅದು ಎಷ್ಟು ಚುಚ್ಚುತ್ತದೆ ಅಂತ ನನಗೆ ಗೊತ್ತು. ಆದರೆ ಅದಕ್ಕೆ ಅಪ್ಪನ ಮನೆ ಪತ್ರದಿಂದ ಔಷಧಿ ಕೊಳ್ಳಬಾರದು.

ಮೊದಲು ಬಾಗಿಲು ಎಲ್ಲೆಲ್ಲಿ ತೆರೆದಿದೆ ಅಂತ ಹೇಳಿಬಿಡುತ್ತೇನೆ. ಹಾರ್ವರ್ಡ್ ವರ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡು ಜನರನ್ನು ಟ್ರಾನ್ಸ್‌ಫರ್ ಮೂಲಕ ತೆಗೆದುಕೊಳ್ಳುತ್ತದೆ, ಅಷ್ಟೇ. ಪ್ರಿನ್ಸ್‌ಟನ್ 1990ರಲ್ಲಿ ಟ್ರಾನ್ಸ್‌ಫರ್ ನಿಲ್ಲಿಸಿ 2018ರಲ್ಲಿ ಮತ್ತೆ ಶುರು ಮಾಡಿತು. ಅದೂ ಕಮ್ಯುನಿಟಿ ಕಾಲೇಜಿನವರು (ಎರಡು ವರ್ಷದ ಸ್ಥಳೀಯ ಸರಕಾರಿ ಕಾಲೇಜು), ಸೇನೆಯಲ್ಲಿದ್ದು ಬಂದವರು, ಬಡ ಕುಟುಂಬದವರನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇ ಏರಿಯಾದಲ್ಲಿರುವ ನೆಂಟರು ಯಾರಾದರೂ ‘ಬರ್ಕಲಿಗೆ ಹಾಕು’ ಅಂದರೆ ನಯವಾಗಿ ಬಿಟ್ಟುಬಿಡು. ಬರ್ಕಲಿ ಸೇರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಸಾಮಾನ್ಯವಾಗಿ 60 ಸೆಮಿಸ್ಟರ್ ಯೂನಿಟ್, ಅಂದರೆ ಎರಡು ವರ್ಷದ ಓದು ಮುಗಿಸಿ ಮೂರನೇ ವರ್ಷಕ್ಕೆ ಬರುವವರನ್ನೇ ತೆಗೆದುಕೊಳ್ಳುತ್ತವೆ. ಅವರಲ್ಲೂ ಆ ರಾಜ್ಯದ ಕಮ್ಯುನಿಟಿ ಕಾಲೇಜಿನಿಂದ ಬಂದವರಿಗೆ ಮೊದಲ ಮಣೆ. ಕಾರ್ನೆಲ್ ಮಾತ್ರ ಬೇರೆ ಥರ. ಅಲ್ಲಿಗೆ ವರ್ಷವರ್ಷವೂ ನೂರಾರು ಜನ ಟ್ರಾನ್ಸ್‌ಫರ್ ಆಗಿ ಸೇರುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಯುಎಸ್‌ಸಿ ಕೂಡ ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತದೆ. ಹಾಗಾಗಿ ‘ಆಗುತ್ತದಾ’ ಅಂದರೆ ಆಗುತ್ತದೆ, ಆದರೆ ಹೆಸರು ನೋಡಿಕೊಂಡು ಆಸೆ ಪಡಬೇಕು.

ಇಲ್ಲಿ ಬಹಳ ಮಕ್ಕಳು ಎಡವುವ ಒಂದು ವಿಷಯ ಇದೆ. ಹೆಚ್ಚಿನ ಖಾಸಗಿ ವಿಶ್ವವಿದ್ಯಾಲಯಗಳ ಟ್ರಾನ್ಸ್‌ಫರ್ ಅರ್ಜಿಗೆ ಕೊನೆಯ ದಿನ ಮಾರ್ಚ್ 1 ಮತ್ತು 15ರ ನಡುವೆ ಬರುತ್ತದೆ. ಅಷ್ಟು ಹೊತ್ತಿಗೆ ನಿನ್ನ ಕೈಯಲ್ಲಿ ಇರುವುದು ಒಂದೇ ಒಂದು ಸೆಮಿಸ್ಟರಿನ ಅಂಕ, ಜೊತೆಗೆ ಎರಡನೆಯದರ ಮಿಡ್‌ಟರ್ಮ್ ವರದಿ. ಹಾಗಾದರೆ ಅವರು ಇನ್ನೇನು ನೋಡುತ್ತಾರೆ? ನಿನ್ನ ಪಿಯುಸಿ ಅಂಕಪಟ್ಟಿಯನ್ನೇ. ಹೋದ ವರ್ಷ ಬೇಡ ಅಂದವರು ಅದೇ ಕಾಗದವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. 3.8 ಒಳ್ಳೆಯ ಜಿಪಿಎ, ಆದರೆ ಐದು ಕೋರ್ಸಿನ 3.8 ಪಿಯುಸಿ ಅಂಕವನ್ನು ಹಿಂದಕ್ಕೆ ತಳ್ಳುವಷ್ಟು ಭಾರವಿರುವುದಿಲ್ಲ. ಎರಡನೇ ವರ್ಷದ ನಡುವೆ, ಮೂರು ಸೆಮಿಸ್ಟರ್ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿದರೆ ಓದುವವರ ಕಣ್ಣು ನಿನ್ನ ಕಾಲೇಜಿನ ಓದಿನ ಮೇಲೆ ನಿಲ್ಲುತ್ತದೆ.

ಶಿಫಾರಸು ಪತ್ರದ ಕಥೆಯೂ ಅದೇ. ಕನಿಷ್ಠ ಒಬ್ಬ ಪ್ರೊಫೆಸರ್ ನಿನ್ನ ಬಗ್ಗೆ ಬರೆಯಬೇಕು. ಮುನ್ನೂರು ಜನ ಕೂರುವ ಮೊದಲ ವರ್ಷದ ಕ್ಲಾಸಿನಲ್ಲಿ ನಿನ್ನ ಮುಖ ಅವರಿಗೆ ಗೊತ್ತಿರುತ್ತದಾ? ನಮ್ಮ ಕಡೆಯ ಮಕ್ಕಳು ಆಫೀಸ್ ಅವರ್ಸ್‌ಗೆ, ಅಂದರೆ ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದೇ ತಮ್ಮ ಕೋಣೆಯಲ್ಲಿ ಸಿಗುವ ಹೊತ್ತಿಗೆ, ಹೋಗುವುದಿಲ್ಲ. ಡೌಟ್ ಇದ್ದವರು, ದಡ್ಡರು ಹೋಗುವ ಜಾಗ ಅದು ಅಂದುಕೊಂಡಿರುತ್ತಾರೆ, ಇಲ್ಲವೇ ಮೇಷ್ಟ್ರಿಗೆ ತೊಂದರೆ ಕೊಡಬಾರದು ಅಂತ ಸಂಕೋಚ. ನೀನು ಎಲ್ಲೇ ಓದಿದರೂ ಈ ಸಂಕೋಚ ಬಿಡಲೇಬೇಕು. ವಾರಕ್ಕೊಮ್ಮೆ ಹತ್ತು ನಿಮಿಷ ಹೋಗಿ ಕೂತು ಮಾತಾಡು, ವರ್ಷದ ಕೊನೆಗೆ ಅವರು ನಿನ್ನ ಬಗ್ಗೆ ಒಂದು ಪುಟ ಬರೆಯಬಲ್ಲರು.

ಈಗ ಕ್ರೆಡಿಟ್ ವಿಷಯ. ಕ್ರೆಡಿಟ್ ಅಂದರೆ ಪ್ರತಿ ಕೋರ್ಸ್ ಮುಗಿಸಿದಾಗ ಪದವಿಯ ಲೆಕ್ಕಕ್ಕೆ ಸೇರುವ ಅಂಶ. ಇದರ ಬಗ್ಗೆ ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಆಗಸ್ಟ್ ತಿಂಗಳಲ್ಲಿ ಹಾಸನದ ಕಡೆಯ ಹುಡುಗನೊಬ್ಬ ನನ್ನ ಮುಂದೆ ಕೂತಿದ್ದ. ಮೊದಲ ವರ್ಷ ಬೇರೆ ಕಡೆ ಓದಿ ನಮ್ಮಲ್ಲಿಗೆ ಬಂದಿದ್ದ. ಅವನ ಕೈಯಲ್ಲಿ ಕ್ರೆಡಿಟ್ ಮೌಲ್ಯಮಾಪನದ ಹಾಳೆ, ಮೇಲೆ ‘ಒಪ್ಪಿಕೊಂಡ ಕ್ರೆಡಿಟ್: 34’ ಅಂತ ಅಚ್ಚಾಗಿತ್ತು. ಓದಿದ್ದಷ್ಟೂ ಬಂತಲ್ಲ ಅಂತ ಮುಖದಲ್ಲಿ ಖುಷಿ. ನಾನು ಹಳದಿ ಹೈಲೈಟರ್ ತೆಗೆದು ಬಲಗಡೆಯ ಕಾಲಂ ಮೇಲೆ ಒಂದೊಂದೇ ಸಾಲು ಎಳೆಯುತ್ತಾ ಬಂದೆ. ಪ್ರೋಗ್ರಾಮಿಂಗ್ ಮೊದಲ ಕೋರ್ಸ್: ಜನರಲ್ ಎಲೆಕ್ಟಿವ್, ಅಂದರೆ ಮುಖ್ಯ ವಿಷಯಕ್ಕೆ ಸೇರದ ಬಿಡಿ ಕೋರ್ಸ್. ಡಿಸ್ಕ್ರೀಟ್ ಮ್ಯಾಥ್ಸ್: ಜನರಲ್ ಎಲೆಕ್ಟಿವ್. ಇನ್ನೂ ಮೂರು ಕೋರ್ಸ್ ಹಾಗೇ. 34ರಲ್ಲಿ ಡಿಗ್ರಿಯ ಲೆಕ್ಕಕ್ಕೆ ನಿಜವಾಗಿ ಬಂದದ್ದು 19. ಉಳಿದವನ್ನು ಒಪ್ಪಿಕೊಂಡಿದ್ದಾರೆ ನಿಜ, ಎಣಿಸುವುದಿಲ್ಲ. ‘ಮೇಡಂ, ತಗೊಂಡಿದ್ದೀವಿ ಅಂತ ಬರ್ದಿದಾರಲ್ಲ?’ ಅಂತ ಎರಡು ಸಲ ಕೇಳಿದ. ಅವನು ಕಲಿತದ್ದು ಪೈಥಾನ್‌ನಲ್ಲಿ, ನಮ್ಮ ವಿಭಾಗದ ಮೊದಲ ಕೋರ್ಸ್ ಸಿ++ನಲ್ಲಿ. ಅದನ್ನು ಮತ್ತೆ ಮಾಡದೆ ಡೇಟಾ ಸ್ಟ್ರಕ್ಚರ್ಸ್ ಇಲ್ಲ, ಅದಿಲ್ಲದೆ ಆಲ್ಗಾರಿದಮ್ಸ್ ಇಲ್ಲ. ಹೀಗೆ ಒಂದಕ್ಕೊಂದು ಕೊಂಡಿ ಬಿದ್ದು, ಕೊನೆಗೆ ಅವನು ಒಂದು ಸೆಮಿಸ್ಟರ್ ಜಾಸ್ತಿ ಓದಿ ಪದವಿ ಪಡೆದ. ಆ ಒಂದು ಸೆಮಿಸ್ಟರಿನ ಫೀಸು ಅವನ ಮನೆಯವರ ಲೆಕ್ಕದಲ್ಲಿ ಇರಲೇ ಇಲ್ಲ.

ಇದು ಅವನೊಬ್ಬನ ಪಾಡಲ್ಲ. ಅಮೆರಿಕ ಸರಕಾರದ ಲೆಕ್ಕಪತ್ರ ನೋಡುವ ಜಿಎಒ 2017ರಲ್ಲಿ ಒಂದು ವರದಿ ಕೊಟ್ಟಿತು: 2004ರಿಂದ 2009ರವರೆಗೆ ಕಾಲೇಜು ಬದಲಿಸಿದವರು ಸರಾಸರಿ 43% ಕ್ರೆಡಿಟ್ ಕಳೆದುಕೊಂಡರು ಎಂಬ ಅಂದಾಜು ಅದರಲ್ಲಿದೆ. ಆದ್ದರಿಂದ ಎಲ್ಲೇ ಅರ್ಜಿ ಹಾಕುವ ಮುಂಚೆ ಆ ವಿಶ್ವವಿದ್ಯಾಲಯದ ಟ್ರಾನ್ಸ್‌ಫರ್ ಕ್ರೆಡಿಟ್ ಡೇಟಾಬೇಸ್‌ನಲ್ಲಿ ನಿನ್ನ ಕೋರ್ಸ್‌ಗಳನ್ನು ಹುಡುಕು. ‘ಒಪ್ಪುತ್ತೀರಾ’ ಅಂತ ಕೇಳಬೇಡ, ‘ನನ್ನ ಮೇಜರ್‌ನ (ಮುಖ್ಯ ವಿಷಯದ) ಯಾವ ಕೋರ್ಸಿಗೆ ಸಮ ಅಂತ ಎಣಿಸುತ್ತೀರಿ’ ಅಂತ ಕೇಳು. ಈಗ ಓದುತ್ತಿರುವ ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಇವತ್ತೇ ಇಳಿಸಿ ಒಂದು ಫೋಲ್ಡರ್‌ನಲ್ಲಿ ಇಡು. ವಾದ ಮಾಡುವ ಸಂದರ್ಭ ಬಂದರೆ ನಿನ್ನ ಕೈಯಲ್ಲಿರುವ ಸಾಕ್ಷಿ ಅದೊಂದೇ, ಮತ್ತು ಸೆಮಿಸ್ಟರ್ ಮುಗಿದ ಮೇಲೆ ಅದು ಸಿಗುವ ಖಾತ್ರಿ ಇಲ್ಲ. ಇನ್ನೊಂದು ಮಾತು, ಕ್ರೆಡಿಟ್ ಹೊಸ ಕಡೆಗೆ ಬಂದರೂ ಸಾಮಾನ್ಯವಾಗಿ ಜಿಪಿಎ ಜೊತೆಗೆ ಬರುವುದಿಲ್ಲ. ಹೊಸ ಕಡೆ ಸೊನ್ನೆಯಿಂದ ಶುರು. ಸೆಪ್ಟೆಂಬರ್‌ನಲ್ಲಿ ಇಂಟರ್ನ್‌ಶಿಪ್‌ಗೆ ಕಂಪನಿಗಳು ಬಂದಾಗ ರೆಸ್ಯೂಮೆಯಲ್ಲಿ ಹಾಕಿಕೊಳ್ಳಲು ಆ ವಿಶ್ವವಿದ್ಯಾಲಯದ ಜಿಪಿಎಯೇ ನಿನ್ನ ಬಳಿ ಇರುವುದಿಲ್ಲ.

ದುಡ್ಡಿನ ಲೆಕ್ಕ ಹಾಕೋಣ. ಈಗ ನಿಮ್ಮ ಮನೆಯಿಂದ ಹೋಗುತ್ತಿರುವುದು ವರ್ಷಕ್ಕೆ 32,000 ಡಾಲರ್. ಕಾರ್ನೆಲ್‌ನಂಥ ಖಾಸಗಿ ವಿಶ್ವವಿದ್ಯಾಲಯದಲ್ಲಿ ಊಟ ವಸತಿ ಸೇರಿ ವರ್ಷಕ್ಕೆ ಸುಮಾರು 90,000. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ಉಳಿದ ಮೂರು ವರ್ಷಕ್ಕೆ ಇಲ್ಲೇ ಇದ್ದರೆ 82 ಲಕ್ಷ, ಅಲ್ಲಿ ಹೋದರೆ 2 ಕೋಟಿ 30 ಲಕ್ಷ. ವ್ಯತ್ಯಾಸ ಹತ್ತಿರ ಹತ್ತಿರ ಒಂದೂವರೆ ಕೋಟಿ. ‘ಅಲ್ಲಿ ಸಹಾಯಧನ ಕೊಡುತ್ತಾರಂತೆ’ ಅಂತ ಯಾರಾದರೂ ಹೇಳಬಹುದು. ಹೊಸದಾಗಿ ಸೇರುವ ವಿದೇಶಿ ವಿದ್ಯಾರ್ಥಿಗೆ ಕೈತುಂಬ ಕೊಡುವ ಕೆಲವು ಕಡೆಗಳಲ್ಲೂ, ಟ್ರಾನ್ಸ್‌ಫರ್ ಆಗಿ ಬರುವ ವಿದೇಶಿಯರಿಗೆ ಸಹಾಯ ಬಹಳ ಕಡಿಮೆ, ಇಲ್ಲವೇ ಏನೂ ಇಲ್ಲ. ನೀನೀಗ ಪಡೆಯುತ್ತಿರುವ 14,000 ಮೊದಲ ವರ್ಷ ಸೇರುವವರಿಗಾಗಿ ಇಟ್ಟ ಸ್ಕಾಲರ್‌ಶಿಪ್ ಆಗಿದ್ದರೆ, ಒಮ್ಮೆ ಬಿಟ್ಟ ಮೇಲೆ ವಾಪಸ್ ಬಂದರೂ ಸಿಗುವುದು ಕಷ್ಟ. ಬ್ಯಾಂಕಿನ ಸಾಲವೂ ಇಂಥ ವಿಶ್ವವಿದ್ಯಾಲಯ, ಇಂಥ ಕೋರ್ಸ್ ಅಂತ ಮಂಜೂರಾಗಿರುತ್ತದೆ. ಕಾಲೇಜು ಬದಲಾದರೆ ಅಪ್ಪ ಮತ್ತೆ ಮ್ಯಾನೇಜರ್ ಮುಂದೆ ಕೂತು ಹೊಸದಾಗಿ ಮಂಜೂರು ಮಾಡಿಸಬೇಕು. ಹೆಚ್ಚಿನ ಮೊತ್ತಕ್ಕೆ ಇನ್ನೊಂದು ಜಾಮೀನು ಕೇಳಬಹುದು.

ಇಷ್ಟು ಕೊಟ್ಟು ಕೊಳ್ಳುವ ಹೆಸರು ಏನು ಕೊಡುತ್ತದೆ? ಈ ಪ್ರಶ್ನೆಯನ್ನು ಗಂಭೀರವಾಗಿ ಅಧ್ಯಯನ ಮಾಡಿದವರಿದ್ದಾರೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1976ರಲ್ಲಿ ಕಾಲೇಜು ಸೇರಿದವರನ್ನು ತೆಗೆದುಕೊಂಡು, ದೊಡ್ಡ ಕಡೆ ಸೀಟು ಸಿಕ್ಕರೂ ಸಾಧಾರಣ ಕಡೆ ಓದಿದವರು ಮುಂದೆ ಎಷ್ಟು ದುಡಿದರು ಅಂತ ನೋಡಿದರು. ಸರಾಸರಿಯಲ್ಲಿ ಇಬ್ಬರ ಗಳಿಕೆಯೂ ಒಂದೇ ಆಸುಪಾಸಿನಲ್ಲಿತ್ತು. ಬಡ ಕುಟುಂಬದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಸ್ಪಷ್ಟ ಲಾಭ ಕಂಡಿತು. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಅವರು ಐವಿ ಕಾಲೇಜುಗಳು (ಹಾರ್ವರ್ಡ್, ಪ್ರಿನ್ಸ್‌ಟನ್, ಕಾರ್ನೆಲ್ ಮುಂತಾದ ಎಂಟು ಹಳೆಯ ಖಾಸಗಿ ವಿಶ್ವವಿದ್ಯಾಲಯಗಳು), ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಷಿಕಾಗೊ ಸೇರಿ ಹನ್ನೆರಡು ಕಡೆ ಓದಿದವರನ್ನು ಒಳ್ಳೆಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಓದಿದವರ ಜೊತೆ ಹೋಲಿಸಿದರು. ಸರಾಸರಿ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಆದರೆ ಮುಂದೆ ಅತ್ಯುತ್ತಮ ಗ್ರಾಜುಯೇಟ್ ಸ್ಕೂಲ್ ಸೇರುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟು, ಪ್ರತಿಷ್ಠಿತ ಸಂಸ್ಥೆಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಮೂರರಷ್ಟಾಗಿತ್ತು. ಹೆಸರಿಗೆ ಬೆಲೆಯೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಕೆಲವು ಬಾಗಿಲುಗಳನ್ನು ಅದು ತೆರೆಯುತ್ತದೆ. ಆದರೆ ಆ ಬಾಗಿಲು ನಿನಗೆ ಬೇಕಾದದ್ದೇ ಅಂತ ಮೊದಲು ನೋಡಿಕೋ. ನಿನ್ನ ಆಸೆ ಭಾಷೆ ಮತ್ತು ಕಂಪ್ಯೂಟರ್ ಸೇರುವ ಜಾಗದ್ದು. ಅಲ್ಲಿ ಮುಂದೆ ಎಂಎಸ್ ಅಥವಾ ಪಿಎಚ್‌ಡಿ ಮಾಡಬೇಕಾಗುತ್ತದೆ, ಆಮೇಲೆ ಜನ ಕೇಳುವುದು ಕೊನೆಯ ಪದವಿ ಎಲ್ಲಿಯದು ಅಂತ. ಅಮೆರಿಕದಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ ಮೇಲೆ ಸ್ಟೈಪೆಂಡ್ ಕೊಡುತ್ತಾರೆ. ಒಂದೂವರೆ ಕೋಟಿ ಕೊಟ್ಟು ಈಗ ಕೊಳ್ಳುವ ಹೆಸರು ಮೂರು ವರ್ಷ ಬಿಟ್ಟು ದುಡ್ಡು ಕೊಡದೆ ಸಿಗಬಹುದು.

ಹಾಗಾದರೆ ಟ್ರಾನ್ಸ್‌ಫರ್ ಬೇಡವೇ ಬೇಡ ಅನ್ನುತ್ತೀನಾ? ಇಲ್ಲ. ಕೊನೆಯ ಸಾಲಿನಲ್ಲಿ ನೀನು ಬರೆದದ್ದು ನಿಜವಾದರೆ, ಆ ಕಲಿಕೆ ಇಲ್ಲದ ಕಡೆ ನಾಲ್ಕು ವರ್ಷ ಕೂರುವುದೂ ನಷ್ಟವೇ. ಆದರೆ ಆ ಸಾಲನ್ನು ಹಿಡಿದು ಹುಡುಕಿದರೆ ನಿನ್ನ ಪಟ್ಟಿಯೇ ಬದಲಾಗುತ್ತದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ ಹೆಸರು ನಿಮ್ಮ ನೆಂಟರು ಕೇಳಿರಲಿಕ್ಕಿಲ್ಲ. ಭಾಷಾವಿಜ್ಞಾನಿಗಳನ್ನು ಕೇಳಿದರೆ ದೇಶದ ಮುಂಚೂಣಿ ವಿಭಾಗಗಳಲ್ಲಿ ಅದನ್ನು ಹೆಸರಿಸುತ್ತಾರೆ, ಕಂಪ್ಯೂಟರ್ ಭಾಷಾ ಸಂಸ್ಕರಣೆಯಲ್ಲೂ ಅದು ಗಟ್ಟಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೆಫ್ರಿ ಲಿಡ್ಜ್ ನಮ್ಮ ಕನ್ನಡದ ಮಕ್ಕಳ ಮೇಲೆಯೇ ಕೆಲಸ ಮಾಡಿದವರು. ‘ಮಾಡು–ಮಾಡಿಸು’ ಅನ್ನುವಾಗ ಬರುವ ‘ಇಸು’ ಪ್ರತ್ಯಯವನ್ನು ಮೂರು ವರ್ಷದ ಕನ್ನಡದ ಮಗು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಅಂತ ಲೀಲಾ ಗ್ಲೈಟ್‌ಮನ್ ಮುಂತಾದವರ ಜೊತೆ ಸೇರಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಮಕ್ಕಳು ಆ ಪ್ರತ್ಯಯಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನಂಬುತ್ತಾರೆ ಅನ್ನುವುದು ಅವರಿಗೆ ಕಂಡದ್ದು. ಅದನ್ನು ಓದಿದಾಗ ನನಗೆ ರೋಮಾಂಚನವಾಗಿತ್ತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ, ಒಹಾಯೊ ಸ್ಟೇಟ್, ಕೊಲರಾಡೊ ಬೌಲ್ಡರ್, ಇವೂ ಈ ವಿಷಯದಲ್ಲಿ ದೊಡ್ಡ ಮನೆಗಳೇ. ಕಾರ್ನೆಲ್‌ನಲ್ಲೂ ಒಳ್ಳೆಯ ವಿಭಾಗ ಇದೆ, ಅದನ್ನು ಪಟ್ಟಿಯಿಂದ ತೆಗೆಯಬೇಕಿಲ್ಲ.

ಆಮ್‌ಹರ್ಸ್ಟ್, ಮೇರಿಲ್ಯಾಂಡ್‌ನಂಥ ಕಡೆ ಹೊರಗಿನವರಿಗೆ ವರ್ಷಕ್ಕೆ 60,000 ಡಾಲರ್ ಆಸುಪಾಸು ಆಗುತ್ತದೆ. ಅಂದರೆ ಈಗಿನದಕ್ಕಿಂತ ಮೂರು ವರ್ಷಕ್ಕೆ ಇನ್ನೂ 71 ಲಕ್ಷ. ಕಡಿಮೆಯಲ್ಲ. ಜೊತೆಗೆ ಇದೊಂದು ಎಚ್ಚರಿಕೆ: ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಕ್ಕಿತು ಅಂದರೆ ಕಂಪ್ಯೂಟರ್ ಸೈನ್ಸ್ ಮೇಜರ್ ಸಿಕ್ಕಿತು ಅಂತಲ್ಲ. ಮೇರಿಲ್ಯಾಂಡ್‌ನಲ್ಲಿ ಅದು ಸೀಟು ಮಿತಿ ಇರುವ ಮೇಜರ್, ಬೇರೆ ಹಲವು ಕಡೆಯೂ ಹಾಗೇ. ಒಳಗೆ ಹೋದ ಮೇಲೆ ಬದಲಿಸಿಕೊಳ್ಳುತ್ತೇನೆ ಅಂದುಕೊಂಡು ಹೋಗಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ವೀಸಾ ಬಗ್ಗೆ ಹೆದರಬೇಡ, ಆದರೆ ಉದಾಸೀನ ಮಾಡಬೇಡ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರು ಕಾಲೇಜು ಬದಲಿಸುವಾಗ ನಿನ್ನ ಈಗಿನ ಕಾಲೇಜಿನ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿ, ಸೆವಿಸ್ ದಾಖಲೆಯನ್ನು (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರಕಾರ ಇಡುವ ಕಂಪ್ಯೂಟರ್ ದಾಖಲೆ) ಒಂದು ದಿನಾಂಕ ಹಾಕಿ ಹೊಸ ಕಡೆಗೆ ಬಿಟ್ಟುಕೊಡುತ್ತಾರೆ. ಆಮೇಲೆ ಹೊಸ ಕಾಲೇಜು ಹೊಸ ಐ-20, ಅಂದರೆ ಪ್ರವೇಶದ ಅಧಿಕೃತ ಪತ್ರ, ಕೊಡುತ್ತದೆ. ಪಾಸ್‌ಪೋರ್ಟಿನ ವೀಸಾ ಅವಧಿ ಇದ್ದರೆ ಹಳೆಯ ಕಾಲೇಜಿನ ಹೆಸರಿದ್ದರೂ ನಡೆಯುತ್ತದೆ, ಸೆವಿಸ್ ಶುಲ್ಕ ಮತ್ತೆ ಕಟ್ಟಬೇಕಿಲ್ಲ. ಬಿಟ್ಟ ಮೇಲೆ ಐದು ತಿಂಗಳೊಳಗೆ ಹೊಸ ಕಡೆ ತರಗತಿ ಶುರುವಾಗಬೇಕು. ಅಲ್ಲಿಯವರೆಗೆ ಪ್ರತಿ ಸೆಮಿಸ್ಟರ್ 12 ಕ್ರೆಡಿಟ್‌ಗಿಂತ ಕೆಳಗಿಳಿಯಬೇಡ. ಟ್ರಾನ್ಸ್‌ಫರ್‌ಗಾಗಿ ಜಿಪಿಎ ಕಾಪಾಡಿಕೊಳ್ಳಲು ಒಂದು ಕೋರ್ಸ್ ಬಿಟ್ಟು ಎಫ್-1 ಸ್ಟೇಟಸ್ಸೇ ಕಳೆದುಕೊಂಡ ಮಗುವೊಂದನ್ನು ನಾನು ಕಂಡಿದ್ದೇನೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರಕಾರ ಹೊರಡಿಸಿದ ಕರಡು ನಿಯಮದಲ್ಲಿ, ಮೊದಲ ವರ್ಷ ಮುಗಿಸದೆ ಕಾಲೇಜು ಬದಲಿಸುವಂತಿಲ್ಲ ಎಂಬ ಅಂಶ ಇತ್ತು. ಆದ್ದರಿಂದ ಅರ್ಜಿ ಹಾಕುವ ಮುಂಚೆ ಒಮ್ಮೆ, ಸೀಟು ಸಿಕ್ಕ ಮೇಲೆ ಒಮ್ಮೆ ಡಿಎಸ್‌ಒ ಹತ್ತಿರ ಹೋಗು.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಈ ಮಾರ್ಚ್‌ಗೆ ಅರ್ಜಿ ಹಾಕಬೇಡ, ಒಂದು ವರ್ಷ ತಡೆ. ನೀನಿನ್ನೂ ಭಾಷಾವಿಜ್ಞಾನದ ಒಂದು ಕೋರ್ಸೂ ಓದಿದ ಹಾಗೆ ಕಾಣುವುದಿಲ್ಲ. ಆಸೆ ನಿಜವಾ ಅಂತ ಮೊದಲು ನೀನೇ ತಿಳಿದುಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ಬರುವ ಆ ಕೋರ್ಸಿನ ಮೇಷ್ಟ್ರು ಯಾರು ಅಂತ ಹುಡುಕಿ ಹೋಗಿ ಮಾತಾಡು, ಇಂಡಿಪೆಂಡೆಂಟ್ ಸ್ಟಡಿ (ಮೇಷ್ಟ್ರ ಮಾರ್ಗದರ್ಶನದಲ್ಲಿ ಒಬ್ಬಳೇ ಓದುವ ಕೋರ್ಸ್) ಕೊಡುತ್ತೀರಾ ಅಂತ ಕೇಳು. ಬೆಂಗಳೂರಿನ ಐಐಎಸ್‌ಸಿ, ಅಲ್ಲಿನ ತಂತ್ರಜ್ಞಾನ ಕೇಂದ್ರ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಎಲ್ಲರಿಗೂ ಸಿಗುವ ಹಾಗೆ ಇಡುತ್ತಿದೆ. ಅದರಲ್ಲಿ ಕನ್ನಡದ ಭಾಗವನ್ನು ಇಳಿಸಿಕೊಂಡು, ‘ಹೋಗ್ತೀನಿ’ ಅನ್ನುವುದನ್ನು ನಿನ್ನ ಅಜ್ಜಿಯ ಥರ ‘ಓಯ್ತೀನಿ’ ಅಂದಾಗ ಯಂತ್ರ ಏನು ಬರೆಯುತ್ತದೆ ಅಂತ ನೋಡು. ಇದಕ್ಕೆ ಕಾರ್ನೆಲ್ ಬೇಕಿಲ್ಲ, ನಿನ್ನ ಲ್ಯಾಪ್‌ಟಾಪ್ ಸಾಕು. ಬೇಸಿಗೆಯಲ್ಲಿ ಊರಿಗೆ ಬಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನಕ್ಕೆ ಒಮ್ಮೆ ಹೋಗಿ ಬಾ. ಅಮೆರಿಕದಲ್ಲೇ ಇದ್ದರೆ, ಅಲ್ಲಿನ ಭಾಷಾವಿಜ್ಞಾನಿಗಳ ಸಂಘವಾದ ಲಿಂಗ್ವಿಸ್ಟಿಕ್ ಸೊಸೈಟಿ ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಡೆಸುವ ಇನ್‌ಸ್ಟಿಟ್ಯೂಟ್ ಎಂಬ ತರಗತಿಗಳು ಇವೆ. 2023ರಲ್ಲಿ ಆಮ್‌ಹರ್ಸ್ಟ್‌ನಲ್ಲಿ, 2025ರಲ್ಲಿ ಒರೆಗನ್‌ನ ಯೂಜೀನ್‌ನಲ್ಲಿ ನಡೆಯಿತು. ಅಮೆರಿಕ ಸರಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಎಸ್‌ಎಫ್‌ನ ಬೇಸಿಗೆ ಸಂಶೋಧನಾ ಕಾರ್ಯಕ್ರಮಗಳಿಗೆ ಮಾತ್ರ ಅರ್ಜಿ ಹಾಕಿ ಸಮಯ ಕಳೆಯಬೇಡ, ಅವು ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ನಿನ್ನ ವಿಶ್ವವಿದ್ಯಾಲಯ ನ್ಯಾಷನಲ್ ಸ್ಟೂಡೆಂಟ್ ಎಕ್ಸ್‌ಚೇಂಜ್‌ನ ಸದಸ್ಯನಾ ಅಂತಲೂ ವಿಚಾರಿಸು. ಆಗಿದ್ದರೆ ದೊಡ್ಡ ಭಾಷಾವಿಜ್ಞಾನ ವಿಭಾಗ ಇರುವ ಇನ್ನೊಂದು ಕಡೆ ಒಂದು ಸೆಮಿಸ್ಟರ್ ಓದಿ ವಾಪಸ್ ಬರಬಹುದು.

ಮುಂದಿನ ವರ್ಷ ಇಷ್ಟು ಮಾಡಿದ ಮೇಲೂ ಹೋಗಲೇಬೇಕು ಅನ್ನಿಸಿದರೆ ಮೂರು ಸೆಮಿಸ್ಟರ್ ಅಂಕ, ನಿನ್ನನ್ನು ಬಲ್ಲ ಇಬ್ಬರು ಪ್ರೊಫೆಸರ್, ಕೈಯಾರೆ ಮಾಡಿದ ಒಂದು ಕೆಲಸ ಇಟ್ಟುಕೊಂಡು ಅರ್ಜಿ ಹಾಕು. ಆಗ ಹೊಸ ಕಡೆ ಎರಡೇ ವರ್ಷ ಸಿಗುತ್ತದೆ, ಅದು ಈ ದಾರಿಯ ನಿಜವಾದ ಕೊರತೆ, ಒಪ್ಪುತ್ತೇನೆ. ಆದರೆ ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ‘ನಿಮ್ಮ ರ‍್ಯಾಂಕಿಂಗ್ ಚೆನ್ನಾಗಿದೆ’ ಅಂತಲೋ, ಈಗಿನ ಕಾಲೇಜನ್ನು ತೆಗಳಿಯೋ ಬರೆಯುವ ಪರಿಸ್ಥಿತಿ ಬರುವುದಿಲ್ಲ. ಅಜ್ಜಿಯ ‘ಓಯ್ತೀನಿ’ಯಿಂದಲೇ ಶುರು ಮಾಡಬಹುದು, ಅಲ್ಲಿ ಯಾವ ಕೋರ್ಸ್ ಬೇಕು, ಯಾಕೆ ಬೇಕು ಅಂತ ಹೆಸರು ಹಿಡಿದು ಬರೆಯಬಹುದು.

ಈ ಭಾನುವಾರ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದಾಗ ಒಂದು ಹಾಳೆಯಲ್ಲಿ ಮೂರು ಸಂಖ್ಯೆ ಬರೆದು ತೋರಿಸು: 82 ಲಕ್ಷ, 1 ಕೋಟಿ 53 ಲಕ್ಷ, 2 ಕೋಟಿ 30 ಲಕ್ಷ. ಯಾವುದು ಎಲ್ಲಿಯದು ಅಂತ ಪಕ್ಕದಲ್ಲಿ ಬರೆ. ಬ್ಯಾಂಕಿನವರು ಏನೆಂದಿದ್ದರು, ಇನ್ನೆಷ್ಟು ಸಾಲ ಹುಟ್ಟೀತು ಅಂತ ಅವರ ಬಾಯಿಂದ ಕೇಳು. ನೆಂಟರ ಮಾತನ್ನು ಅವರಿಗೂ ಹೇಳಿಬಿಡು, ಒಬ್ಬಳೇ ಹೊತ್ತುಕೊಂಡು ತಿರುಗಬೇಡ. ಅವರು ಏನಂದರು ಅಂತ ನನಗೆ ಬರೆ.